ಬಾಟಲಿಗಿಂತ ಮುಚ್ಚಳವೇ ಜಾಸ್ತಿ

ನಾನು ಕುಂದಾಪುರದ ಕಡೆ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಡಲು ಶಾಲೆಯಿಂದ ಹತ್ತು ನಿಮಿಷದ ದಾರಿ. ಮಕ್ಕಳಲ್ಲಿ ತುಂಬ ಜನ ಮೀನುಗಾರರ ಮನೆಯವರು. ಕಡಲು ಹೇಗೆ ಹಾಳಾಗುತ್ತಿದೆ ಅಂತ ಅವರಿಗೆ ಪುಸ್ತಕ ಹಿಡಿದು ಹೇಳಲು ಮನಸ್ಸು ಬರಲಿಲ್ಲ. ಮಳೆ ಕಡಿಮೆಯಾದ ಮೇಲೆ ಒಂದು ಶನಿವಾರ ಎಂಟನೇ ತರಗತಿಯನ್ನು ದಂಡೆಗೇ ಕರೆದುಕೊಂಡು ಹೋದೆ.

ಸುಮ್ನೆ ಹೆಕ್ಕುವುದು ಬೇಡ, ಎಣಿಸಿ ಬರೆಯಿರಿ ಅಂದೆ. ಥರ್ಮಾಕೋಲ್, ಚಪ್ಪಲಿ, ಶಾಂಪೂ ಪ್ಯಾಕೆಟ್, ಬಲೆಯ ತುಂಡು, ಬಾಟಲಿ, ಮುಚ್ಚಳ. ಐದು ಗುಂಪಿನ ಪಟ್ಟಿಯಲ್ಲೂ ಬಾಟಲಿಗಿಂತ ಮುಚ್ಚಳವೇ ಜಾಸ್ತಿ. "ಬಾಟ್ಲಿ ಎಲ್ಲ್ ಹೋಯ್ತ್ ಟೀಚರ್?" ಅಂತ ಒಬ್ಬಳು ಕೇಳಿದಳು.

ಗುಜರಿಯವರು ಬಾಟಲಿ ಹೆಕ್ಕುತ್ತಾರೆ, ಅದೂ ಒಂದು ಕಾರಣ. ಆದರೆ ಅಷ್ಟೇ ಅಲ್ಲ. ಸೋಮವಾರ ಒಂದು ಬಕೆಟ್ ಕಡಲ ನೀರಿಗೆ ಮುಚ್ಚಳ ಹಾಕಿದೆವು, ತೇಲಿತು. ಬಾಟಲಿಯನ್ನು ಕತ್ತರಿಸಿ ಒಂದು ತುಂಡು ಹಾಕಿದೆವು, ಮುಳುಗಿತು. ಎರಡೂ ಬೇರೆ ಬೇರೆ ಪ್ಲಾಸ್ಟಿಕ್. ಬಾಟಲಿಯ ಪ್ಲಾಸ್ಟಿಕ್ಕಿಗೆ ಪೆಟ್ ಅಂತ ಹೆಸರು, ಅದು ನೀರಿಗಿಂತ ಭಾರ, ಮುಚ್ಚಳದ ಪ್ಲಾಸ್ಟಿಕ್ ಹಗುರ. ಒಳಗೆ ಗಾಳಿ ಇರುವಷ್ಟು ದಿನ ಬಾಟಲಿ ತೇಲುತ್ತದೆ, ನೀರು ತುಂಬಿದರೆ ತಳ ಸೇರುತ್ತದೆ. ಹಿಂದಿನ ಬೆಂಚಿನ ಹುಡುಗ ತಟ್ಟನೆ ಎದ್ದು, ಅಪ್ಪನ ಟ್ರಾಲ್ ಬಲೆಯಲ್ಲಿ ಬಾಟಲಿ ಬರುವುದು ಇದಕ್ಕೇ ಅಲ್ವಾ ಅಂದ. ಹೌದು, ಆ ಬಲೆ ತಳ ಗುಡಿಸಿಕೊಂಡೇ ಬರುತ್ತದೆ. ಆ ಇಡೀ ವರ್ಷದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಕ್ಷಣ ಅದು.

ಶಾಂಪೂ ಪ್ಯಾಕೆಟ್ ಎಲ್ಲಿಂದ ಬಂತು ಅನ್ನುವುದಕ್ಕೆ ನಕ್ಷೆ ಬಿಡಿಸಿದೆವು. ಗಂಗೊಳ್ಳಿ ಅಳಿವೆಯಲ್ಲಿ ಕಡಲು ಸೇರುವುದು ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಘಟ್ಟದ ಕಡೆಯಿಂದ ಇಳಿದು ಬಂದು ಅದರೊಳಗೆ ಸೇರುತ್ತವೆ. ಘಟ್ಟದ ಬುಡದಲ್ಲಿ ತೋಡಿಗೆ ಎಸೆದದ್ದು ಒಂದೇ ಮಳೆಗೆ ಇಲ್ಲಿಗೆ ಬಂದು ಬೀಳಬಹುದು.

ಒಂದು ತಪ್ಪು ಮಾಡಿದೆ. ಮೊದಲ ಸಲ ಹೆಕ್ಕಿದ ಕಸವನ್ನು ಗೋಣಿಯಲ್ಲಿ ತುಂಬಿ ದಂಡೆಯಲ್ಲೇ ಇಟ್ಟು ಬಂದೆವು. ಸಾಗಿಸುವ ವ್ಯವಸ್ಥೆಯನ್ನು ಮೊದಲೇ ಮಾಡಿರಲಿಲ್ಲ. ನಾಲ್ಕು ದಿನದಲ್ಲಿ ನಾಯಿಗಳು ಗೋಣಿ ಹರಿದವು, ಅರ್ಧ ಕಸ ಮತ್ತೆ ನೀರಿಗೆ ಹೋಯಿತು. ಮಕ್ಕಳ ಮುಖ ನೋಡಲು ಆಗಲಿಲ್ಲ. ಈ ಕೆಲಸ ಶುರು ಮಾಡುವವರು ಗಾಡಿಯನ್ನು ಮೊದಲು ಗೊತ್ತು ಮಾಡಿ, ಕಸ ಆಮೇಲೆ ಹೆಕ್ಕಿ.

ದುಡ್ಡು ಬೇಕು ಅನಿಸಿದ್ದು ಆಗಲೇ. ಗೂಡ್ಸ್ ಆಟೋ ಬಾಡಿಗೆ, ಕೈಗವಸು, ದೋಣಿ ನಿಲ್ಲುವಲ್ಲಿ ಹರಿದ ಬಲೆ ಹಾಕಲು ಒಂದು ದೊಡ್ಡ ಡ್ರಮ್. ಖರ್ಚಿನ ಪಟ್ಟಿ ಮಕ್ಕಳೇ ಬರೆದರು. ಡಬ್ಬಿ ಹಿಡಿದು ಮನೆ ಮನೆ ತಿರುಗುವುದು ನನಗೆ ಇಷ್ಟವಿರಲಿಲ್ಲ. ತಾಯಂದಿರು ಹಳೆ ಸೀರೆ ಕೊಟ್ಟರು, ಇಬ್ಬರು ಹೊಲಿಗೆ ಕಲಿಸಿದರು. ವಾರ್ಷಿಕೋತ್ಸವದ ದಿನ ಒಂದು ಚೀಲಕ್ಕೆ 40 ರೂಪಾಯಿಯಂತೆ 60 ಚೀಲ ಮಾರಿದೆವು. ಪಕ್ಕದಲ್ಲೇ ಆ ನಕ್ಷೆ, ನೀರಿನ ಬಕೆಟ್. ಕೇಳಿದವರಿಗೆಲ್ಲ ಮಕ್ಕಳು ಮುಚ್ಚಳ ತೇಲಿಸಿ ತೋರಿಸಿದರು. 2,400 ರೂಪಾಯಿಯ ಲೆಕ್ಕ ಮರುದಿನ ನೋಟಿಸ್ ಬೋರ್ಡಿನಲ್ಲಿತ್ತು.

ಡ್ರಮ್ ಇಟ್ಟ ವಾರ ಅದರಲ್ಲಿ ಬಲೆಗಿಂತ ಬಾಟಲಿಗಳೇ ತುಂಬಿದ್ದವು. ಒಳಗೆಲ್ಲ ಕೆಸರು, ಒಂದರಲ್ಲಿ ಸಣ್ಣ ಏಡಿ. ಟ್ರಾಲ್ ಬಲೆಗೆ ಬಂದದ್ದನ್ನು ಆ ಹುಡುಗನ ಅಪ್ಪ ವಾಪಸ್ ಕಡಲಿಗೆ ಎಸೆಯದೆ ತಂದು ಹಾಕಿದ್ದರು.