ಮಕ್ಕಳ ಯೂರಾಲಜಿ ತಜ್ಞರೊಬ್ಬರ ಸಂಶೋಧನಾ ವರದಿ ಸಿದ್ಧಪಡಿಸಿದ ನನ್ನ ಅನುಭವ

ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕಿಯಾದ ನನಗೆ, ಬಡ್ತಿ ಅಥವಾ ಪ್ರಶಸ್ತಿಗೆ ಅರ್ಜಿ ಹಾಕುವ ಪ್ರಾಧ್ಯಾಪಕರ ಪ್ರಕಟಣೆಗಳ ಪಟ್ಟಿಯನ್ನೂ, ಅವುಗಳನ್ನು ಇತರ ಸಂಶೋಧಕರು ಎಷ್ಟು ಉಲ್ಲೇಖಿಸಿದ್ದಾರೆಂಬ ವಿವರವನ್ನೂ ತಯಾರಿಸುವ ಕೆಲಸ ಆಗಾಗ ಬರುತ್ತದೆ. ಅವುಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು ಮಕ್ಕಳ ಯೂರಾಲಜಿಯ, ಎಂದರೆ ಮಕ್ಕಳ ಮೂತ್ರಾಂಗ ಮತ್ತು ಜನನಾಂಗಗಳ ತೊಂದರೆಗಳಿಗೆ ಚಿಕಿತ್ಸೆ ಕೊಡುವ ವಿಭಾಗದ, ಹಿರಿಯ ಪ್ರಾಧ್ಯಾಪಕರೊಬ್ಬರ ವರದಿ.

ಹೆಚ್ಚು ಸಮಯ ಹಿಡಿದದ್ದು ಹೆಸರಿನ ಕೆಲಸ. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದೆ ಬಂದು ಸ್ವಂತ ಹೆಸರು ಕೊನೆಗೆ ಬರುತ್ತದೆ. ಪ್ರಬಂಧಗಳ ದತ್ತಸಂಚಯಗಳು (ಡೇಟಾಬೇಸ್‌ಗಳು) ಆ ಕೊನೆಯ ಹೆಸರನ್ನೇ ಕುಲನಾಮವೆಂದು ತಿಳಿಯುತ್ತವೆ. ಒಂದು ಪತ್ರಿಕೆಯಲ್ಲಿ ಎರಡು ಇನಿಷಿಯಲ್, ಇನ್ನೊಂದರಲ್ಲಿ ಒಂದೇ ಇನಿಷಿಯಲ್ ಅಚ್ಚಾಗಿದ್ದರಿಂದ ಪ್ರಾಧ್ಯಾಪಕರು ಉಲ್ಲೇಖಗಳನ್ನು ಎಣಿಸುವ ಸ್ಕೋಪಸ್ ಎಂಬ ದತ್ತಸಂಚಯದಲ್ಲಿ ಹಲವು ವ್ಯಕ್ತಿಗಳಾಗಿ ಹಂಚಿಹೋಗಿದ್ದರು, ಮತ್ತು ಅದೇ ಹೆಸರಿನ ಬೇರೆ ವಿಭಾಗದವರ ಪ್ರಬಂಧಗಳು ಅವರ ಖಾತೆಗೆ ಸೇರಿದ್ದವು. ಅವರಿಂದ ಆರ್ಕಿಡ್ (ORCID) ಎಂಬ, ಪ್ರತಿ ಸಂಶೋಧಕರನ್ನೂ ಪ್ರತ್ಯೇಕವಾಗಿ ಗುರುತಿಸುವ ಸಂಖ್ಯೆ ಮಾಡಿಸಿ, ಪ್ರತಿ ಪ್ರಬಂಧದ ಸಹಲೇಖಕರನ್ನೂ ಸಂಸ್ಥೆಯ ವಿಳಾಸವನ್ನೂ ಅವರೊಂದಿಗೇ ಕುಳಿತು ತಾಳೆ ನೋಡಿದ ಮೇಲೆಯೇ ನಾನು ಎಣಿಕೆಗೆ ಇಳಿದೆ. ಈ ಹಂತವನ್ನು ಬಿಟ್ಟು ಮಾಡಿದ ಯಾವ ಲೆಕ್ಕವನ್ನೂ ನಾನು ನಂಬುವುದಿಲ್ಲ.

ವೈದ್ಯಕೀಯ ಪ್ರಬಂಧಗಳ ದತ್ತಸಂಚಯವಾದ ಪಬ್‌ಮೆಡ್‌ನಿಂದ ಪ್ರಕಟಣೆಗಳನ್ನೂ, ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್‌ಗಳಿಂದ ಉಲ್ಲೇಖಗಳನ್ನೂ ತೆಗೆದೆ. ಗೂಗಲ್ ಸ್ಕಾಲರ್ ಪುಸ್ತಕಗಳನ್ನೂ ಮಹಾಪ್ರಬಂಧಗಳನ್ನೂ ಸೇರಿಸಿ ಎಣಿಸುವುದರಿಂದ ಅಲ್ಲಿಯ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಆದ್ದರಿಂದ ಎರಡನ್ನೂ ಬೆರೆಸದೆ ಬೇರೆ ಬೇರೆಯಾಗಿ ಬರೆದೆ. ಲೇಖಕರು ತಮ್ಮದೇ ಹಿಂದಿನ ಪ್ರಬಂಧಗಳನ್ನು ಹೆಸರಿಸಿದ ಸ್ವಂತ ಉಲ್ಲೇಖಗಳನ್ನು ಕಳೆದ ಸಂಖ್ಯೆಯನ್ನೂ ಪಕ್ಕದಲ್ಲಿ ಕೊಟ್ಟೆ.

ಆಯ್ಕೆ ಸಮಿತಿಗಳು ಮೊದಲು ಕೇಳುವುದು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಈ ಅಳತೆಯ ಪ್ರಕಾರ, ಕನಿಷ್ಠ 20 ಉಲ್ಲೇಖಗಳನ್ನು ಪಡೆದ 20 ಪ್ರಬಂಧಗಳಿದ್ದು ಕನಿಷ್ಠ 21 ಉಲ್ಲೇಖಗಳ 21 ಪ್ರಬಂಧಗಳು ಇಲ್ಲದಿದ್ದರೆ ಸೂಚ್ಯಂಕ 20. ಇಲ್ಲಿ ಸಾವಿರ ಸಲ ಉಲ್ಲೇಖಗೊಂಡ ಪ್ರಬಂಧವೂ ಒಂದೇ ಎಂದು ಲೆಕ್ಕವಾಗುತ್ತದೆ. ಶಸ್ತ್ರಚಿಕಿತ್ಸೆಯ ಕ್ಷೇತ್ರದಲ್ಲಿ ಇದು ಸಣ್ಣ ಕೊರತೆಯಲ್ಲ, ಏಕೆಂದರೆ ಇಲ್ಲಿ ಒಂದೇ ಪ್ರಬಂಧ ಇಡೀ ವಿಭಾಗದ ಕೆಲಸವನ್ನು ಬದಲಿಸಿದ ನಿದರ್ಶನಗಳಿವೆ. ಫ್ರಾನ್ಸಿನ ಪಾಲ್ ಮಿತ್ರೊಫಾನಾಫ್ ಅವರು ಅಪೆಂಡಿಕ್ಸನ್ನು ಮೂತ್ರಕೋಶದಿಂದ ಹೊಟ್ಟೆಯ ಚರ್ಮದವರೆಗೆ ನಾಳವಾಗಿ ಜೋಡಿಸಿ, ಮಗುವು ಅದರ ಮೂಲಕ ಕ್ಯಾಥೆಟರ್ ಹಾಕಿ ಮೂತ್ರ ಖಾಲಿ ಮಾಡುವ ವಿಧಾನವನ್ನು 1980ರಲ್ಲಿ ಫ್ರೆಂಚ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದು ಇಂಗ್ಲಿಷ್ ಓದುಗರಲ್ಲಿ ಹರಡುವುದಕ್ಕೆ ಫಿಲಡೆಲ್ಫಿಯಾದ ಜಾನ್ ಡಕೆಟ್ ಮತ್ತು ಹೊವರ್ಡ್ ಸ್ನೈಡರ್ ಅವರ ಬರಹಗಳು ಬಹಳ ನೆರವಾದವು. ಈಗ ‘ಮಿತ್ರೊಫಾನಾಫ್’ ಎಂಬುದು ಶಸ್ತ್ರಕ್ರಿಯೆಯ ಹೆಸರೇ ಆಗಿರುವುದರಿಂದ ಎಷ್ಟೋ ಲೇಖಕರು ಮೂಲ ಪ್ರಬಂಧವನ್ನು ಉಲ್ಲೇಖಿಸದೆ ಆ ಹೆಸರನ್ನಷ್ಟೇ ಬರೆಯುತ್ತಾರೆ. ಎಲ್ಲರಿಗೂ ಚಿರಪರಿಚಿತವಾದ ವಿಧಾನಕ್ಕೆ ಉಲ್ಲೇಖ ತಪ್ಪಿಹೋಗುವುದನ್ನು ಯಾವ ಸೂಚ್ಯಂಕವೂ ಹಿಡಿಯಲಾರದು.

ಇದಕ್ಕೆ ವಿರುದ್ಧವಾದ ದಾರಿ ವಾರೆನ್ ಸ್ನಾಡ್‌ಗ್ರಾಸ್ ಅವರ 1994ರ ಪ್ರಬಂಧದ್ದು. ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿರುವ ಹೈಪೋಸ್ಪೇಡಿಯಸ್ ಎಂಬ ಜನ್ಮಜಾತ ತೊಂದರೆಗೆ, ಮೂತ್ರನಾಳದ ಪಟ್ಟಿಯನ್ನು ನಡುವೆ ಉದ್ದಕ್ಕೆ ಸೀಳಿ ಅಗಲಿಸಿ ನಾಳವಾಗಿ ಹೊಲಿಯುವ ವಿಧಾನವನ್ನು 16 ಬಾಲಕರ ಅನುಭವದಿಂದ ಅವರು ಎರಡೇ ಪುಟಗಳಲ್ಲಿ ವಿವರಿಸಿದ್ದರು. ಮುಂದೆ ಬಂದ ಶಸ್ತ್ರವೈದ್ಯರು ತಮ್ಮ ಫಲಿತಾಂಶವನ್ನು ಅದರೊಂದಿಗೆ ಹೋಲಿಸಬೇಕಾಗಿ ಬಂದದ್ದರಿಂದ ಅದರ ಉಲ್ಲೇಖಗಳು ಬೆಳೆಯುತ್ತಲೇ ಇವೆ. ಪುಟಗಳ ಸಂಖ್ಯೆಯಾಗಲಿ ರೋಗಿಗಳ ಸಂಖ್ಯೆಯಾಗಲಿ ಅದನ್ನು ಮುಂಚಿತವಾಗಿ ಹೇಳುತ್ತಿರಲಿಲ್ಲ.

ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಪ್ರಾಧ್ಯಾಪಕರ ಪ್ರಮುಖ ಪ್ರಬಂಧಗಳನ್ನು ಉಲ್ಲೇಖಿಸಿದ ಲೇಖನಗಳನ್ನೇ ತೆರೆದು ಓದತೊಡಗಿದೆ. ಪೀಠಿಕೆಯ ಒಂದೇ ವಾಕ್ಯಕ್ಕೆ ಹತ್ತಾರು ಪ್ರಬಂಧಗಳ ಜೊತೆ ಹೆಸರಿಸುವುದು ಒಂದು ಬಗೆಯಾದರೆ, ಅವರ ವಿಧಾನವನ್ನು ತಮ್ಮ ರೋಗಿಗಳಲ್ಲಿ ಪ್ರಯೋಗಿಸಿ ಫಲಿತಾಂಶ ಹೇಳುವುದು ಇನ್ನೊಂದು ಬಗೆ. ಎರಡೂ ಎಣಿಕೆಯಲ್ಲಿ ಒಂದೊಂದೇ. ಇವುಗಳನ್ನು ಬೇರ್ಪಡಿಸಿದೆ. ಚಿಕಿತ್ಸಾ ಮಾರ್ಗಸೂಚಿಗಳಲ್ಲಿ ಬಂದ ಉಲ್ಲೇಖವನ್ನು ಪ್ರತ್ಯೇಕವಾಗಿ ಗುರುತಿಸಿದೆ, ಏಕೆಂದರೆ ಅಲ್ಲಿ ಸೇರಿದ ಮಾತು ಕಂಡರಿಯದ ಊರಿನ ಮಗುವಿನ ಚಿಕಿತ್ಸೆಯನ್ನೂ ಮುಟ್ಟುತ್ತದೆ.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಯ ಅಳತೆಯಾಗಿ ಬಳಸಲು ನಾನು ಒಪ್ಪಲಿಲ್ಲ. ಅದು ಪತ್ರಿಕೆಗೆ ಸಂಬಂಧಿಸಿದ ಸರಾಸರಿ. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಆ ವರ್ಷ ಸಿಕ್ಕ ಉಲ್ಲೇಖಗಳನ್ನಷ್ಟೇ ನೋಡುತ್ತದೆ. ಒಂದು ವರ್ಷದ ಮಗುವಿಗೆ ಮಾಡಿದ ಹೈಪೋಸ್ಪೇಡಿಯಸ್ ಶಸ್ತ್ರಕ್ರಿಯೆಯ ನಿಜವಾದ ಫಲ ತಿಳಿಯಲು ಆ ಹುಡುಗ ಪ್ರೌಢನಾಗುವವರೆಗೆ ಕಾಯಬೇಕಿರುವಾಗ, ಎರಡು ವರ್ಷದ ಕಿಟಕಿ ಈ ಕ್ಷೇತ್ರಕ್ಕೆ ತೀರ ಕಿರಿದು. ಆದ್ದರಿಂದ ಪ್ರತಿ ಪ್ರಮುಖ ಪ್ರಬಂಧಕ್ಕೂ ವರ್ಷವಾರು ಉಲ್ಲೇಖದ ನಕ್ಷೆ ಹಾಕಿದೆ. ದೀರ್ಘಕಾಲದ ಫಲಿತಾಂಶ ಹೇಳುವ ಪ್ರಬಂಧವೊಂದು ನಿಧಾನವಾಗಿ ಏರುತ್ತ ಬಂದದ್ದು ಆ ನಕ್ಷೆಯಲ್ಲಿ ಸ್ಪಷ್ಟವಾಗಿ ಕಂಡಿತು.

ಸಮಿತಿಗೆ ಕೊಟ್ಟ ವರದಿಯಲ್ಲಿ ಮೊದಲು ಅವರ ಐದು ಮುಖ್ಯ ಪ್ರಬಂಧಗಳು ಏನನ್ನು ಬದಲಿಸಿದವು ಎಂಬ ವಿವರಣೆ, ಆಮೇಲೆ ಸಂಖ್ಯೆಗಳು, ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಪಡೆದ ದತ್ತಸಂಚಯದ ಹೆಸರು ಮತ್ತು ದಿನಾಂಕ ಇದ್ದವು. ಉಲ್ಲೇಖಗಳು ವಾರದಿಂದ ವಾರಕ್ಕೆ ಬದಲಾಗುವುದರಿಂದ ದಿನಾಂಕವಿಲ್ಲದ ಎಣಿಕೆಯನ್ನು ಮತ್ತೊಬ್ಬರು ಪರಿಶೀಲಿಸಲು ಸಾಧ್ಯವಿಲ್ಲ. ಈಗ ನಮ್ಮ ಗ್ರಂಥಾಲಯದಿಂದ ಹೋಗುವ ಎಲ್ಲ ವಿಭಾಗಗಳ ವರದಿಗಳನ್ನೂ ಇದೇ ಕ್ರಮದಲ್ಲಿ ಸಿದ್ಧಪಡಿಸುತ್ತಿದ್ದೇನೆ.