ನೀರಿಗಿಳಿದೊಡನೆ ಮೆತ್ತಗಾಗುತ್ತಿದ್ದ ಗಾಳಿ ಕಯಾಕ್: ನನ್ನ ಅನುಭವ

ಅಮೆರಿಕದ ಅರ್ಕನ್ಸಾ ರಾಜ್ಯದ ಬಫಲೋ ನದಿ, ಪೊಂಕಾದಿಂದ ಕೈಲ್ಸ್ ಲ್ಯಾಂಡಿಂಗ್‌ವರೆಗೆ ಸುಮಾರು 17 ಕಿ.ಮೀ. ದಡದಲ್ಲಿ ಕಲ್ಲಿನಂತೆ ಗಟ್ಟಿಯಿದ್ದ ಕಯಾಕ್ (ಗಾಳಿ ತುಂಬಿ ಬಳಸುವ ಚಿಕ್ಕ ದೋಣಿ) ನೀರಿಗಿಳಿದ ಅರ್ಧ ಗಂಟೆಗೆ ನಡುವೆ ಬಾಗುತ್ತಿತ್ತು, ಹುಟ್ಟು ಹಾಕಿದಷ್ಟೂ ಓರೆ ಹೋಗುತ್ತಿತ್ತು.

ವಾಲ್ವ್‌ಗೆ ಸೋಪಿನ ನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ. ವಾಲ್ವ್ ಬಿಗಿ ಮಾಡಿದೆ. ಅನುಮಾನ ಬಂದ ಹೊಲಿಗೆಗೆಲ್ಲ ಪ್ಯಾಚ್ ಹಾಕಿದೆ. ಎಲ್ಲ ದಂಡ.

ಸೋರಿಕೆಯೇ ಇರಲಿಲ್ಲ. ಆರ್‌ವಿಯ (ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ಪ್ರವಾಸಿ ವಾಹನ) ಡಿಕ್ಕಿಯಲ್ಲಿ ಕಾದ ಕಯಾಕ್‌ಗೆ ಬಿಸಿಲಲ್ಲಿ ತುಂಬಿದ ಗಾಳಿ ತಣ್ಣೀರಿಗೆ ಕುಗ್ಗುತ್ತಿತ್ತು. 45 ಡಿಗ್ರಿಯ ಗಾಳಿ 15ಕ್ಕೆ ಇಳಿದರೆ, ಕೊಳವೆಯ ಗಾತ್ರ ಬದಲಾಗದಿದ್ದಲ್ಲಿ, 3 ಪಿಎಸ್‌ಐ ಒತ್ತಡ ಲೆಕ್ಕದ ಪ್ರಕಾರ 1.3ರ ಆಸುಪಾಸಿಗೆ ಬರುತ್ತದೆ.

ಈಗಿನ ಕ್ರಮ: ಮೊದಲು ನೆರಳಲ್ಲಿ, 12 ವೋಲ್ಟ್ ಪಂಪ್‌ನಿಂದ ಆಕಾರ ಬರುವಷ್ಟು ಮಾತ್ರ ಗಾಳಿ. ಸಾಮಾನು ಹೇರದೆ, ಹಗ್ಗ ಕಟ್ಟಿ, ದಡದ ನೀರಲ್ಲಿ 10 ನಿಮಿಷ ತೇಲಬಿಡುವುದು. ಅಲ್ಲೇ ಮೇಲೆ ನೀರೆರಚಿ, ಕೈಪಂಪ್ ಮತ್ತು ಗೇಜ್ ಹಿಡಿದು, ವಾಲ್ವ್ ಪಕ್ಕ ಮುದ್ರಿಸಿರುವ ಒತ್ತಡಕ್ಕೆ ಸರಿಯಾಗಿ ತುಂಬುವುದು. ಅದಕ್ಕಿಂತ ಒಂದು ಗೆರೆಯೂ ಹೆಚ್ಚು ಬೇಡ. ಕೈಪಂಪ್ ಜೊತೆಗೇ ಇರಲಿ. ಊಟಕ್ಕೆ ದಡ ಹತ್ತಿದಾಗ ಕಯಾಕ್ ಬಿಸಿಲಲ್ಲಿರುವುದಾದರೆ ಸ್ವಲ್ಪ ಗಾಳಿ ಬಿಡಿ, ಇಲ್ಲವಾದರೆ ಹೊಲಿಗೆ ಬಿಚ್ಚೀತು. ಮತ್ತೆ ನೀರಿಗಿಳಿದ ಮೇಲೆ ತುಂಬಿಕೊಳ್ಳಿ.

ಅಂದಹಾಗೆ ಕೈಲ್ಸ್ ಲ್ಯಾಂಡಿಂಗ್ ದಾರಿ ಕಡಿದಾದ ಇಳಿಜಾರು. ಆರ್‌ವಿ ಅಲ್ಲಿಗೆ ಇಳಿಸಬೇಡಿ.