ಹಳೆ ಕೊಡೆ ಬಿಚ್ಚಿ ಚಾರಿಜಾರ್ಡ್ ರೆಕ್ಕೆ ಕಟ್ಟುವುದು ಹೇಗೆ?

ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳ ಬಾಗಿಲ ಹಿಂದೆ ಎರಡಾದರೂ ಕೆಟ್ಟ ಕೊಡೆ ಒರಗಿರುತ್ತವೆ. ನವೆಂಬರ್ 14 ಹತ್ತಿರ ಬಂದರೆ ಅದೇ ಮನೆಗೆ ಶಾಲೆಯಿಂದ ಛದ್ಮವೇಷದ ಚೀಟಿ ಬರುತ್ತದೆ. ಓಬವ್ವ, ವಿವೇಕಾನಂದ ಎಲ್ಲ ಆಗಿ ಈಗ ಮಕ್ಕಳು ಹಟ ಹಿಡಿಯುವುದು ವಿಡಿಯೋ ಗೇಮಿನ ಪ್ರಾಣಿಗಳಾದ ಪೋಕೆಮಾನ್‌ಗೆ, ಅದರಲ್ಲೂ ಬಾಲದಲ್ಲಿ ಬೆಂಕಿ ಇಟ್ಟುಕೊಂಡ ಚಾರಿಜಾರ್ಡ್‌ಗೆ. ರಟ್ಟು ಕತ್ತರಿಸಿ ಬಣ್ಣ ಬಳಿದು ಬೆನ್ನಿಗೆ ಪಿನ್ನು ಹಾಕಿದರೆ ಸಾಲದು. ಮಗು ವೇದಿಕೆ ಹತ್ತುವಷ್ಟರಲ್ಲಿ ರಟ್ಟು ಮಡಚಿ, ರೆಕ್ಕೆ ಒದ್ದೆ ಬಾಳೆಲೆಯ ಹಾಗೆ ಜೋತುಬಿದ್ದಿರುತ್ತದೆ.

ಮೊದಲು ಚಿತ್ರವನ್ನು ಸರಿಯಾಗಿ ನೋಡಿ. ಮೈ ಕಿತ್ತಳೆ, ಹೊಟ್ಟೆ ಕೆನೆಬಣ್ಣ. ರೆಕ್ಕೆಯ ಹೊರಮೈ ಕಿತ್ತಳೆ, ಒಳಮೈ ಮಾತ್ರ ಹಸಿರು ಮಿಶ್ರಿತ ನೀಲಿ. ಮಗು ಸಭಿಕರತ್ತ ಮುಖಮಾಡಿ ನಿಂತಾಗ ಕಾಣುವುದು ಒಳಮೈ, ಜನ ತಪ್ಪುವುದೂ ಅಲ್ಲೇ. ರೆಕ್ಕೆ ಬೆನ್ನಿನಿಂದ ಹೊರಡುತ್ತದೆ, ಕೈಗಳು ಬೇರೆಯೇ ಇವೆ. ರೆಕ್ಕೆಯನ್ನು ಮಗುವಿನ ಮಣಿಕಟ್ಟಿಗೆ ಕಟ್ಟಿದಿರೋ, ಅದು ಗೋಲ್‌ಬ್ಯಾಟ್ ಎಂಬ ಬಾವಲಿಯಾಗುತ್ತದೆ, ಚಾರಿಜಾರ್ಡ್ ಅಲ್ಲ. ಇನ್ನೊಂದು ಮಾತು: ನೋಡಲು ಡ್ರ್ಯಾಗನ್ನಿನ ಹಾಗಿದ್ದರೂ ಆಟದ ಲೆಕ್ಕದಲ್ಲಿ ಇದು ಬೆಂಕಿ ಮತ್ತು ಹಾರುವ ಜಾತಿಯದು. ಹಾಗಾಗಿ ‘ಡ್ರ್ಯಾಗನ್ ವೇಷ’ ಎಂದು ಹೆಸರು ಬರೆಸಬೇಡಿ, ಮಕ್ಕಳು ನಗುತ್ತಾರೆ.

ಕೊಡೆಯ ಆಯ್ಕೆ. ಬಾಗಿದ ಹಿಡಿಯ ಉದ್ದ ಕೊಡೆ, ಎಂಟು ಕಡ್ಡಿಯದು, ಕಡ್ಡಿಯ ಉದ್ದ 23 ಇಂಚಿನದು ಬೇಕು. ಹಿಡಿ, ಸ್ಪ್ರಿಂಗು, ನಡುಕೋಲು ಕೆಟ್ಟಿದ್ದರೆ ಚಿಂತೆಯಿಲ್ಲ. ಕಡ್ಡಿ ಎಂಟೂ ನೆಟ್ಟಗಿರಬೇಕು. ಬ್ಯಾಗಿಗೆ ಹಾಕುವ ಮೂರು ಮಡಿಕೆಯ ಕೊಡೆಯನ್ನು ಮುಟ್ಟಲೇಬೇಡಿ, ಅದರ ಕಡ್ಡಿಗಳು ಕೀಲಿನಲ್ಲಿ ಮಡಚಿಕೊಳ್ಳುತ್ತವೆ.

ಉಳಿದ ಸಾಮಾನು: 4 ಮಿ.ಮೀ. ಮತ್ತು 6 ಮಿ.ಮೀ. ಪ್ಲೈವುಡ್ ತುಂಡು, ಬೈಂಡಿಂಗ್ ವೈರ್, 25 ಮಿ.ಮೀ. ವೈರಿಂಗ್ ಪೈಪು 60 ಸೆಂ.ಮೀ., ಅದನ್ನು ಹಲಗೆಗೆ ಹಿಡಿದಿಡುವ ಸ್ಯಾಡಲ್ ನಾಲ್ಕು, ನಟ್ಟು ಬೋಲ್ಟು, ಹಳೆ ಶಾಲಾ ಬ್ಯಾಗಿನ ಪಟ್ಟಿ, ಎರಡು ಬಣ್ಣದ ಬ್ಲೌಸ್ ಬಟ್ಟೆ. ಮ್ಯಾಚಿಂಗ್ ಸೆಂಟರಿನಲ್ಲಿ ‘ಹಸಿರು ನೀಲಿ’ ಎಂದರೆ ಹತ್ತು ಥಾನು ಇಳಿಸುತ್ತಾರೆ. ‘ರಾಮಾ ಗ್ರೀನ್, ಕಡು ಛಾಯೆ’ ಎನ್ನಿ, ಒಂದೇ ಸಲಕ್ಕೆ ಸಿಗುತ್ತದೆ.

ಈಗ ಕತ್ತರಿ ಎತ್ತುವ ಮುಂಚೆ ಕೊಡೆ ಬಿಡಿಸಿ, ಪಕ್ಕಪಕ್ಕದ ಎರಡು ಕಡ್ಡಿಗಳ ತುದಿಯಿಂದ ತುದಿಗೆ ಅಳೆದು ಬರೆದಿಟ್ಟುಕೊಳ್ಳಿ. 23 ಇಂಚಿನ ಕೊಡೆಯಲ್ಲಿ ಅದು 38 ಸೆಂ.ಮೀ. ಆಸುಪಾಸು ಬರುತ್ತದೆ. ಇಡೀ ಕೆಲಸ ನಿಂತಿರುವುದು ಈ ಅಳತೆಯ ಮೇಲೆ, ಕಾರಣ ಮುಂದಿದೆ.

ಬಟ್ಟೆಯ ಎಂಟು ಪಟ್ಟಿಗಳಲ್ಲಿ ಒಂದೊಂದು ರೆಕ್ಕೆಗೆ ಮೂರು ಬೇಕು. ಮೂರು ಪಟ್ಟಿಗೆ ನಾಲ್ಕು ಕಡ್ಡಿ, ಎರಡು ರೆಕ್ಕೆಗೆ ಸರಿಯಾಗಿ ಎಂಟು. ಎರಡು ಪಟ್ಟಿ ಮಿಗುತ್ತವೆ, ಎಸೆಯಬೇಡಿ. ಹೊಲಿಗೆಯ ಮೇಲೇ ಕತ್ತರಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಮಿಗುವ ಪಟ್ಟಿಯ ಕಡೆಗೆ ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ. ಕಡ್ಡಿಯ ತುದಿಯ ಟೋಪಿ, ನಡುವೆ ದಾರದಲ್ಲಿ ಕಟ್ಟಿದ ಗಂಟು ಹಾಗೇ ಇರಲಿ. ಕಡ್ಡಿಗಳನ್ನು ಮೇಲಿನ ಬಳೆಯಿಂದ ಬಿಡಿಸಿ, ನಡುವೆ ಆತುಕೊಂಡ ಚಿಕ್ಕ ಊರೆಗಡ್ಡಿಗಳನ್ನು ಕಟಿಂಗ್ ಪ್ಲೇಯರಿನಿಂದ ತುಂಡರಿಸಿ, ಚೂಪನ್ನು ಅರದಿಂದ ಉಜ್ಜಿ ಟೇಪು ಸುತ್ತಿ. ತುಕ್ಕು ಇದ್ದರೆ ಕಡ್ಡಿಯುದ್ದಕ್ಕೂ ಟೇಪು ಸುತ್ತುವುದು ಒಳ್ಳೆಯದು, ಇಲ್ಲವಾದರೆ ಬ್ಲೌಸ್ ಬಟ್ಟೆಗೆ ಕಲೆ ಬೀಳುತ್ತದೆ.

ಇನ್ನು ಕೈಕೊಡುವ ಜಾಗ, ರೆಕ್ಕೆಯ ಗಿಣ್ಣು, ಅಂದರೆ ಕಡ್ಡಿಗಳ ಬುಡ ಕೂಡುವ ಕೀಲು. ಕೊಡೆಯಲ್ಲಿದ್ದಾಗ ಕಡ್ಡಿಯನ್ನು ಬಟ್ಟೆ ಬಿಲ್ಲಿನಂತೆ ಬಗ್ಗಿಸಿ ಎಳೆದಿಟ್ಟಿರುತ್ತದೆ. ಬಿಚ್ಚಿದೊಡನೆ ಕಡ್ಡಿ ನೆಟ್ಟಗಾಗುತ್ತದೆ. ಎಂಟು ಕಡ್ಡಿ, 360 ಡಿಗ್ರಿ, ಆದ್ದರಿಂದ ಒಂದಕ್ಕೆ 45 ಎಂದು ಲೆಕ್ಕಹಾಕಿ ಕೋನಮಾಪಕ ಇಟ್ಟು ಕಟ್ಟುವವರೇ ಹೆಚ್ಚು. 58 ಸೆಂ.ಮೀ. ಉದ್ದದ ನೆಟ್ಟನೆಯ ಕಡ್ಡಿಗಳನ್ನು 45 ಡಿಗ್ರಿಗೆ ಇಟ್ಟರೆ ತುದಿಗಳ ನಡುವಿನ ಅಂತರ 44 ಸೆಂ.ಮೀ. ದಾಟುತ್ತದೆ. ಬಟ್ಟೆ ಇರುವುದು 38. ಆರು ಸೆಂ.ಮೀ. ಎಲ್ಲಿಂದ ಬರಬೇಕು? ತುದಿಯ ಹೊಲಿಗೆ ಹರಿಯುತ್ತದೆ, ಇಲ್ಲವೇ ಕಡ್ಡಿ ಸೊಟ್ಟಗಾಗುತ್ತದೆ. ಸರಿಯಾದ ಕೋನ 38 ಡಿಗ್ರಿಯ ಹತ್ತಿರ. ಆದರೆ ಕೋನಮಾಪಕದ ಗೊಡವೆಯೇ ಬೇಡ. ಕಡ್ಡಿಗಳನ್ನು ನೆಲದ ಮೇಲೆ ಹರಡಿ, ತುದಿಯಿಂದ ತುದಿಗೆ ನೀವು ಬರೆದಿಟ್ಟ ಅಳತೆ ಬರುವಂತೆ ಜೋಡಿಸಿ. ಬಟ್ಟೆ ತಾನಾಗಿ ಬಿಗಿಯಾಗುತ್ತದೆ.

4 ಮಿ.ಮೀ. ಪ್ಲೈವುಡ್‌ನಲ್ಲಿ 9 ಸೆಂ.ಮೀ. ತ್ರಿಜ್ಯದ ಅರ್ಧಚಂದ್ರ ಎರಡು ಕತ್ತರಿಸಿ, ರೆಕ್ಕೆಗೊಂದು. ಕಡ್ಡಿಗಳ ಬುಡ ಒಂದಕ್ಕೊಂದು ತಗಲದಂತೆ ಕೇಂದ್ರದಿಂದ ಒಂದೂವರೆ ಸೆಂ.ಮೀ. ದೂರ ಇಟ್ಟು, ಬುಡದಿಂದ 2 ಸೆಂ.ಮೀ.ಗೆ ಒಂದು, 7 ಸೆಂ.ಮೀ.ಗೆ ಇನ್ನೊಂದು, ಹೀಗೆ ಪ್ರತಿ ಕಡ್ಡಿಯ ಎರಡೂ ಬದಿಗೆ ತೂತು ಕೊರೆದು ಬೈಂಡಿಂಗ್ ವೈರ್ ಬಿಗಿಯಿರಿ. ಒಂದೇ ಕಟ್ಟು ಹಾಕಿದರೆ ಕಡ್ಡಿ ಅಲ್ಲೇ ತಿರುಗಿ ರೆಕ್ಕೆ ಬೀಸಣಿಗೆಯಂತೆ ಮುಚ್ಚಿಕೊಳ್ಳುತ್ತದೆ. ಜೋತುಬಿದ್ದ ರೆಕ್ಕೆಗಳ ಗುಟ್ಟು ಇಷ್ಟೇ. ಗ್ಲೂ ಗನ್ನಿನಿಂದ ಅಂಟಿಸುವ ಅಡ್ಡದಾರಿಯೂ ಬೇಡ: ನುಣುಪು ಉಕ್ಕಿಗೆ ಆ ಅಂಟು ನಿಲ್ಲುವುದಿಲ್ಲ, ಕೊಡೆಬಟ್ಟೆಗೆ ತಗುಲಿದರೆ ಬಟ್ಟೆಯೇ ಸುಟ್ಟು ಸುಕ್ಕಾಗುತ್ತದೆ.

ಪೈಪನ್ನು 30 ಸೆಂ.ಮೀ.ನಂತೆ ಎರಡು ತುಂಡು ಮಾಡಿ. ಮೇಲ್ತುದಿಗೆ ಅರ್ಧಚಂದ್ರವನ್ನು ಎರಡು ಬೋಲ್ಟಿನಿಂದ ಕೂರಿಸಿ, ಇಲ್ಲೂ ಒಂದು ಬೋಲ್ಟು ಸಾಲದು. ಕೆಳತುದಿಯನ್ನು 25×18 ಸೆಂ.ಮೀ.ನ 6 ಮಿ.ಮೀ. ಹಲಗೆಗೆ ಎರಡೆರಡು ಸ್ಯಾಡಲ್‌ನಿಂದ ಬಿಗಿಯಿರಿ, ಪೈಪು ಭುಜದ ಮೇಲಿಂದ ಹೊರಕ್ಕೆ ಓರೆಯಾಗಿ ಏರಲಿ. ಮೊದಲ ಕಡ್ಡಿ ಹೊರಕ್ಕೆ ಸ್ವಲ್ಪ ಮೇಲ್ಮುಖವಾಗಿ, ಕೊನೆಯದು ಸೊಂಟದ ಕಡೆಗೆ. ಅದು ಮೊಣಕೈಗೆ ತಗಲುತ್ತಿದ್ದರೆ ಹಲಗೆಯನ್ನು ಎರಡು ಬೆರಳು ಮೇಲೆತ್ತಿ. ಮಿಕ್ಕ ಎರಡು ಪಟ್ಟಿಗಳು ಈಗ ಬೇಕು: ಪೈಪಿಗೂ ಕೊನೆಯ ಕಡ್ಡಿಗೂ ನಡುವಿನ ಸಂದಿಗೆ ಸಡಿಲವಾಗಿ ಹೊಲಿಯಿರಿ.

ಬ್ಯಾಗಿನ ಪಟ್ಟಿ ಭುಜಕ್ಕೆ, ಜೊತೆಗೆ ಎದೆಯ ಮೇಲೆ ಅಡ್ಡಪಟ್ಟಿ ಕಡ್ಡಾಯ. ಆನ್‌ಲೈನಿನಲ್ಲಿ ಸಿಗುವ ಸ್ಪಂಜಿನ ರೆಕ್ಕೆಗಳಲ್ಲಿ ಇಲಾಸ್ಟಿಕ್ ಬಿಟ್ಟರೆ ಬೇರೇನಿಲ್ಲ, ಅದು ಭುಜ ಜಾರಿ ಕುತ್ತಿಗೆಯನ್ನು ಹಿಂದಕ್ಕೆ ಜಗ್ಗುತ್ತದೆ.

ಬಣ್ಣ ಬಳಿಯಬೇಡಿ. ಕೊಡೆಬಟ್ಟೆ ನೀರು ಹಿಡಿಯದ್ದು, ಬಣ್ಣವನ್ನೂ ಹಿಡಿಯುವುದಿಲ್ಲ, ಒಣಗಿದ ಮೇಲೆ ಹಕ್ಕಳೆಯಾಗಿ ಏಳುತ್ತದೆ. ಹೊರಗೆ ಕಿತ್ತಳೆ, ಒಳಗೆ ರಾಮಾ ಗ್ರೀನ್ ಬಟ್ಟೆಯನ್ನು ಅಂಚಿನಲ್ಲಿ ಕೈಹೊಲಿಗೆ ಹಾಕಿ. ಬಿಳಿ ಗೋಂದು ಮಲೆನಾಡಿನ ಥಂಡಿಯಲ್ಲಿ ಒಣಗುವುದೂ ಇಲ್ಲ, ಹಿಡಿಯುವುದೂ ಇಲ್ಲ. ಚಾರಿಜಾರ್ಡ್ ರೆಕ್ಕೆಯ ನಡುವೆ ಕಾಣುವ ಬೆರಳು ಒಂದೇ, ಆದರೆ ನಿಮ್ಮಲ್ಲಿ ನಡುಗಡ್ಡಿ ಎರಡಿವೆ. ಒಂದರ ಮೇಲೆ ಕಿತ್ತಳೆ ಪಟ್ಟಿ ಹೊಲಿದು ಎತ್ತಿ ತೋರಿಸಿ, ಇನ್ನೊಂದು ಬಟ್ಟೆಯಡಿ ಅಡಗಿರಲಿ. ಕಪ್ಪು ಕೊಡೆಯಿದ್ದು ಹೊಲಿಯಲು ಬೇಸರವಾದರೆ ಒಳಗಷ್ಟೇ ಕಡುಗೆಂಪು ಬಟ್ಟೆ ಹಾಕಿ, ಮೈಗೂ ಕಪ್ಪು ಅಂಗಿ ತೊಡಿಸಿ. ಆಟದಲ್ಲಿ ಅಪರೂಪಕ್ಕೆ ಸಿಗುವ ‘ಶೈನಿ’ ಚಾರಿಜಾರ್ಡ್ ಹಾಗೇ ಇರುತ್ತದೆ. ತೀರ್ಪುಗಾರರಿಗೆ ತಿಳಿಯದಿದ್ದರೂ ಮಕ್ಕಳು ಕೂಗುತ್ತಾರೆ.

ಗಿಣ್ಣಿನ ಮೇಲಿನ ಕೊಂಬಿಗೆ, ತಲೆಯ ಹಿಂದಿನ ಎರಡು ಕೊಂಬಿಗೆ ಅಡಿಕೆ ಹಾಳೆಗಿಂತ ಒಳ್ಳೆಯ ಸಾಮಾನಿಲ್ಲ. ಕಾಲು ಗಂಟೆ ನೀರಿನಲ್ಲಿ ನೆನೆಸಿ, ಶಂಕುವಿನಂತೆ ಸುತ್ತಿ, ದಾರ ಕಟ್ಟಿ ಒಣಗಿಸಿ. ಥರ್ಮೊಕೋಲ್ ಬೇಡ. ಕೈಕಾಲಿಗೆ ಮೂರು ಮೂರು ಬಿಳಿ ಉಗುರು. ಬಾಲದ ಬೆಂಕಿಗೆ ಎಲ್‌ಇಡಿ ಟಾರ್ಚು, ಮೇಲೆ ಕಿತ್ತಳೆ ಜೆಲಾಟಿನ್ ಹಾಳೆ.

ಮಗುವಿಗೆ ಎರಡು ಸಾಲು ಮಾತು ಬೇಕಲ್ಲ? ಎತ್ತರ 1.7 ಮೀಟರ್, ತೂಕ 90.5 ಕಿಲೋ. 1996ರ ಮೊದಲ ಆಟದಲ್ಲಿ ರೆಕ್ಕೆಯಿದ್ದರೂ ಇದಕ್ಕೆ ಹಾರುವ ವಿದ್ಯೆ ಕಲಿಸಲು ಬರುತ್ತಿರಲಿಲ್ಲ, ‘ಯೆಲ್ಲೋ’ ಆವೃತ್ತಿಯಲ್ಲಷ್ಟೇ ಅದು ಸರಿಹೋಯಿತು. ಪ್ರತಿ ಪೋಕೆಮಾನ್ ವಿವರ ಕೊಡುವ ಆಟದ ಕೋಶ ‘ಪೋಕೆಡೆಕ್ಸ್’ ಹೇಳುವ ಪ್ರಕಾರ ಇದು ಹಾರುವುದು 1,400 ಮೀಟರ್ ಎತ್ತರದವರೆಗೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಚಿಕ್ಕಮಗಳೂರಿನ ವೇದಿಕೆಯಲ್ಲಿ ಇದಕ್ಕೆ ಚಪ್ಪಾಳೆ ಬೀಳದೆ ಇರುವುದಿಲ್ಲ.

ಕಡ್ಡಿಯ ತುದಿಗಳು ಬೇರೆ ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತವೆ. ಎಂಟಕ್ಕೂ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿ. ಎರಡೂ ರೆಕ್ಕೆ ಸೇರಿ ಒಂದೂಮುಕ್ಕಾಲು ಮೀಟರಿಗೂ ಅಗಲವಾಗುವುದರಿಂದ ಶಾಲೆಯ ಬಾಗಿಲಲ್ಲಿ ನೇರ ನುಗ್ಗಲಾಗದು, ಏಡಿಯಂತೆ ಅಡ್ಡಡ್ಡ ನಡೆಯುವುದನ್ನು ಹಿಂದಿನ ದಿನವೇ ಅಭ್ಯಾಸ ಮಾಡಿಸಿ. ಆಟೋದಲ್ಲಂತೂ ಹಿಡಿಸದು. ಸ್ಯಾಡಲ್ ಸಡಿಲಿಸಿ ಬಿಡಿಬಿಡಿಯಾಗಿ ಒಯ್ದು ಅಲ್ಲೇ ಜೋಡಿಸಿ, ಸ್ಕ್ರೂ ಡ್ರೈವರ್ ಮರೆಯಬೇಡಿ.